ಕನ್ನಡಕದ ಭಾವನ ತಿಳಿನೀರು

ನಾನು ಕೆಲಸ ಮಾಡುವ ಬ್ಯಾಂಕಿನ ಮ್ಯಾನೇಜರು ಹೆಂಡತಿಯ ಜೊತೆ ಟೀಗೆ ಬಂದ ದಿನ ನಾನು ಅವರಿಬ್ಬರನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ ಹುಲ್ಲು ತೋರಿಸಿದೆ. ಮನೆಗೆ ಬಂದವರಿಗೆ ಹುಲ್ಲು ತೋರಿಸುವುದು ಹಸುವಿಗೆ ಮಾಡುವ ಮರ್ಯಾದೆ ಎಂದು ಆಮೇಲೆ ಅಕ್ಕ ಹೇಳಿದಳು. ಆದರೆ ನಮ್ಮ ಮನೆಯಲ್ಲಿ ತೋರಿಸುವಂಥದ್ದು ಬೇರೇನೂ ಇರಲಿಲ್ಲ.

“ನೋಡಿ ಸರ್, ಬೀದೀಲೆಲ್ಲ ಹುಲ್ಲು ಒಣಗಿ ಹೋಗಿದೆ. ಇದಕ್ಕೆ ನಾವು ಒಂದು ಚೊಂಬು ನೀರೂ ಹಾಕಲ್ಲ. ಹೇಗಿದೆ ನೋಡಿ ಹಸಿರು. ಎಲ್ಲಾ ಮಣ್ಣಿನ ಗುಣ,” ಎಂದೆ. ಮಣ್ಣಿನ ಗುಣವನ್ನು ಇನ್ನಷ್ಟು ಹತ್ತಿರದಿಂದ ವಿವರಿಸೋಣವೆಂದು ಒಂದು ಹೆಜ್ಜೆ ಮುಂದಿಟ್ಟೆ. ಮಣ್ಣು ಮೊಣಕಾಲಿನವರೆಗೆ ಬಂತು. ಅಂದರೆ ಮಣ್ಣೇನೂ ಬರಲಿಲ್ಲ, ಅದು ಇದ್ದಲ್ಲೇ ಇತ್ತು, ನಾನೇ ಹೋದೆ.

ಆ ಹುಲ್ಲು ಬೆಳೆದದ್ದು ನಮ್ಮ ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿಯ ಮೇಲೆ. ಟ್ಯಾಂಕಿನಿಂದ ಹೊರಬಂದ ನೀರು ನೆಲಕ್ಕೆ ಇಂಗಬೇಕಾದ ಗುಂಡಿ ಅದು. ಎಷ್ಟೋ ಕಾಲದಿಂದ ಇಂಗುವುದನ್ನು ಬಿಟ್ಟು ಮೇಲೆ ಬರಲು ಶುರುಮಾಡಿತ್ತು. ಅದರಲ್ಲಿ ಒಂದು ಕಾಲು, ಹೊರಗೆ ಒಂದು ಕಾಲು ಇಟ್ಟು ನಾನು ಇಂಗು ತಿಂದ ಮಂಗನ ಹಾಗೆ ನಿಂತೆ. ಕಪ್ಪು ನೀರು ಗುಳುಗುಳು ಎಂದು ಉಕ್ಕಿತು. ವಾಸನೆಯೂ ಎದ್ದಿತು. ಮ್ಯಾನೇಜರ ಹೆಂಡತಿ ಕರವಸ್ತ್ರ ತೆಗೆದರು. ಮ್ಯಾನೇಜರು ಅದರ ಇನ್ನೊಂದು ತುದಿ ಹಿಡಿದರು. ಏನಾದರೂ ಹೇಳಬೇಕಲ್ಲ ಎಂದು ನಾನು ಬಾಯಿ ತೆರೆದೆ. ಆದರೆ ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಈ ವಿಷಯಕ್ಕೆ ಒಂದು ಬೆರಳು, ಎರಡು ಬೆರಳು ಎತ್ತುವುದನ್ನು ಕಲಿಸಿದ್ದರೇ ಹೊರತು ಪದ ಕಲಿಸಿರಲಿಲ್ಲ. ಬೆರಳೆತ್ತಿ ವಿವರಿಸುವ ವಯಸ್ಸೂ ದಾಟಿದೆ. “ಸ್ವಲ್ಪ ತೇವ ಇದೆ ಸರ್,” ಎಂದೆ.

ಅಷ್ಟರಲ್ಲಿ ಗಲಾಟೆ ಕೇಳಿ ಭಾವ ಹೊರಗೆ ಬಂದರು. ಹಣೆಯ ಮೇಲೆ ಭೂತಗಾಜು, ಕೈಯಲ್ಲಿ ಕನ್ನಡಕದ ಸಣ್ಣ ತಿರುಪು ಹಿಡಿಯುವ ಚಿಮಟ. ನೇರವಾಗಿ ಬಂದು ಮಂಡಿಯೂರಿ ಕೂತರು. ಗುಂಡಿಗೆ ಒಂದು ಗೇಣು ದೂರದವರೆಗೆ ಮುಖ ತಗ್ಗಿಸಿ, ಹೂವಿನ ಕುಂಡ ನೋಡುವವರಂತೆ ಶಾಂತವಾಗಿ ಒಳಗೆ ನೋಡಿದರು.

“ಚಪ್ಪಲಿ ಹೋಗಿರೋದು ಎಡಗಾಲಿಂದೋ ಬಲಗಾಲಿಂದೋ?”

“ಎಡಗಾಲಿಂದು, ಭಾವ.”

“ಹಾಗಾದ್ರೆ ಬಲಗಾಲಿಂದನ್ನೂ ಹಾಕಿಬಿಡು. ಒಂದನ್ನ ಇಟ್ಟುಕೊಂಡು ಏನ್ ಮಾಡ್ತೀಯ?”

ಮ್ಯಾನೇಜರು ಕಾಂಪೌಂಡಿನ ಗೇಟು ತಲುಪಿದ್ದರು. ನನ್ನ ಕಣ್ಣಲ್ಲಿ ನೀರು. ಭಾವನ ಮುಖದ ಮೇಲೆ ಒಂದು ಗೆರೆ ಕೂಡ ಅಲುಗಲಿಲ್ಲ. ಸ್ಥಿತಪ್ರಜ್ಞ ಎಂದರೆ ಹೀಗಿರಬೇಕು ಎಂದುಕೊಂಡೆ. ಆ ಕ್ಷಣದಲ್ಲಿ ನನಗೆ ಅವರ ಮೇಲೆ ಹುಟ್ಟಿದ ಭಕ್ತಿ ಈ ಬರಹದ ಕೊನೆಯವರೆಗೂ ಉಳಿದಿತ್ತು.

ಭಾವ ಕನ್ನಡಕದ ಅಂಗಡಿಯವರು. ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆ. ಕಣ್ಣು ಪರೀಕ್ಷೆಗೆ ಕುರ್ಚಿಗೂ ಅಕ್ಷರದ ಬೋರ್ಡಿಗೂ ನಡುವೆ ಇಷ್ಟು ದೂರ ಇರಲೇಬೇಕು ಎಂಬ ನಿಯಮ ಇದೆಯಲ್ಲ, ಆ ದೂರ ಮುಂದಿನ ಕೋಣೆಯಲ್ಲಿ ಸಿಗಲಿಲ್ಲ. ಅದಕ್ಕೆ ಅವರ ಅಪ್ಪ ನಡುಗೋಡೆ ಒಡೆಸಿ ಬೋರ್ಡನ್ನು ಊಟದ ಕೋಣೆಯ ಗೋಡೆಗೆ ಹೊಡೆಸಿದರು. ಗಿರಾಕಿ ಮುಂದಿನ ಕೋಣೆಯಲ್ಲಿ ಕೂತು, ಊಟ ಮಾಡುತ್ತಿರುವ ನಮ್ಮ ತಲೆಗಳ ಮೇಲಿಂದ ಅಕ್ಷರ ಓದುತ್ತಾನೆ. ನಾವು ತಲೆ ತಗ್ಗಿಸಿ ಉಣ್ಣುವುದನ್ನು ನೋಡಿ ಬಹಳ ವಿನಯವಂತ ಕುಟುಂಬ ಎಂದು ಊರಲ್ಲಿ ಹೆಸರಿದೆ. ತಲೆ ಎತ್ತಿದರೆ ಗಿರಾಕಿಗೆ ಕೆಳಗಿನ ಸಾಲು ಕಾಣುವುದಿಲ್ಲ, ಅಷ್ಟೇ.

ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, “ಇದರಲ್ಲಿ ಸ್ಪಷ್ಟವೋ, ಅದರಲ್ಲಿ ಸ್ಪಷ್ಟವೋ?” ಎಂದು ಕೇಳುವುದು ಭಾವನ ವೃತ್ತಿ. ಅದು ನಾಲಿಗೆಗೆ ಎಷ್ಟು ಅಂಟಿಕೊಂಡಿದೆ ಎಂದರೆ ತರಕಾರಿಯವನ ಎದುರು ಎರಡು ಸೌತೆಕಾಯಿ ಹಿಡಿದೂ ಹಾಗೇ ಕೇಳುತ್ತಾರೆ. ಅಕ್ಕನನ್ನು ಅವರು ನೋಡಿದ್ದೂ ಆ ಕುರ್ಚಿಯಲ್ಲೇ. ಕನ್ನಡಕ ಹಾಕಿದರೆ ಅಂದ ಕೆಡುತ್ತದೆ ಎಂದು ಅಕ್ಕ ಬೆಂಚಿನ ಮೇಲೆ ಕಾಯುತ್ತಲೇ ಬೇರೆಯವರು ಓದುವುದನ್ನು ಕೇಳಿ ಬೋರ್ಡು ಪೂರ್ತಿ ಬಾಯಿಪಾಠ ಮಾಡಿಬಿಟ್ಟಿದ್ದಳಂತೆ. ಸರದಿ ಬಂದಾಗ ಕೊನೆಯ ಸಾಲಿನವರೆಗೆ ಪಟಪಟ ಒಪ್ಪಿಸಿದಳು. ಭಾವ ಎದ್ದುಹೋಗಿ ಬೋರ್ಡನ್ನು ತಲೆಕೆಳಗು ಮಾಡಿ ಬಂದರು. ಅಕ್ಕ ಮತ್ತೆ ಅದನ್ನೇ, ಅದೇ ಕ್ರಮದಲ್ಲಿ ಒಪ್ಪಿಸಿದಳು. ಕನ್ನಡಕವೂ ಬಂತು, ಗಂಡನೂ ಬಂದ.

ಮದುವೆಯಾದಾಗಿನಿಂದ ಅಕ್ಕ ಸಂಜೆ ಮುಖ ತೊಳೆದು ಒಂದು ತೊಟ್ಟು ಸೆಂಟು ಹಚ್ಚಿಕೊಂಡು ಭಾವನ ಮುಂದೆ ನಿಂತು “ಹೇಗಿದೆ ರೀ?” ಎನ್ನುತ್ತಾಳೆ. ಭಾವ ಕೆಲಸದಿಂದ ತಲೆ ಎತ್ತಿ “ಬಹಳ ಚೆನ್ನಾಗಿದೆ” ಎನ್ನುತ್ತಾರೆ. ಒಮ್ಮೆ ಸೊಂಟ ನೋವೆಂದು ಬರೀ ನೋವಿನ ಮುಲಾಮು ಮೆತ್ತಿಕೊಂಡು ಬಂದಾಗಲೂ ಬಹಳ ಚೆನ್ನಾಗಿದೆ ಎಂದರು. ನೋಡು, ಪ್ರೀತಿ ಅಂದರೆ ಇದು, ಎಂದು ಅಕ್ಕ ನನಗೆ ತೋರಿಸಿದಳು. ನಾನು ಒಂಟಿ, ಮೇಲಿನ ಮಹಡಿಯ ಬಾಡಿಗೆಯವಳು. ಇಂಥವನ್ನೆಲ್ಲ ಕೆಳಗಿನ ಮನೆಯಲ್ಲಿ ನೋಡಿ ಕಲಿಯಬೇಕು.

ಮ್ಯಾನೇಜರು ಮರಳಿ ಹೋದ ಮೇಲೆ ಅಕ್ಕ ಊಟದ ಮೇಜಿನ ತುದಿಯಲ್ಲಿ ಕೂತು ತೀರ್ಪು ಕೊಟ್ಟಳು.

“ನಂಗೆ ಸಾಕಾಯ್ತು ರೀ. ಬಟ್ಟೆ ಒಣಗ ಹಾಕಂಗಿಲ್ಲ, ಕಿಟಕಿ ತೆಗೆಯಂಗಿಲ್ಲ. ಮನೆ ಕೊಡಿ ಅಂತಿದ್ದ ಆ ಬಿಲ್ಡರು ಇನ್ನೊಂದ್ಸಲ ಕೇಳಕ್ಕೆ ಬರ್ತೀನಿ ಅಂದಿದ್ದಾನೆ. ಕೊಟ್ಟುಬಿಡೋಣ. ಫ್ಲ್ಯಾಟಿಗೆ ಹೋಗೋಣ.”

“ಫ್ಲ್ಯಾಟಲ್ಲಿ ಬೋರ್ಡು ಎಲ್ಲಿ ಹೊಡೆಯೋದೇ?” ಎಂದರು ಭಾವ.

“ಹೊಡೀಬೇಡಿ. ಊರೋರ ಕಣ್ಣು ನೋಡಿದ್ದು ಸಾಕು.”

ಬಿಲ್ಡರು ತೋರಿಸಿದ್ದ ಫ್ಲ್ಯಾಟಿನಲ್ಲಿ ಅಡುಗೆಮನೆಯ ಮೂಲೆಯಿಂದ ಬಾಲ್ಕನಿಯ ತುದಿಯವರೆಗೆ ಟೇಪು ಹಿಡಿದರೂ ಆ ದೂರ ಸಿಗುವುದಿಲ್ಲ. ಮನೆ ಹೋದರೆ ಅಂಗಡಿ ಹೋಗುತ್ತದೆ. ಅಂಗಡಿ ಹೋದರೆ ಭಾವನಲ್ಲಿ ಉಳಿಯುವುದು ಒಂದು ಚಿಮಟ, ಒಂದು ಪ್ರಶ್ನೆ. ಇನ್ನು ಮೇಲಿನ ಮಹಡಿ ಹೋದರೆ ನನಗೆ ಈ ಬಾಡಿಗೆಗೆ ಇಲಿಯ ಬಿಲವೂ ಸಿಗುವುದಿಲ್ಲ. ಹಾಗಾಗಿ ಪರಿಸರದ ಬಗ್ಗೆ ನನಗೆ ತಕ್ಷಣ ಕಾಳಜಿ ಹುಟ್ಟಿತು.

“ಬಿಲ್ಡರು ಬರೋವರೆಗೆ ಟೈಮ್ ಕೊಡೇ. ಅಷ್ಟರಲ್ಲಿ ವಾಸನೆ ಹೋಗದಿದ್ರೆ ನಾನೇ ಸೈನು ಹಾಕ್ತೀನಿ,” ಎಂದರು ಭಾವ.

ಮೊದಲು ಟ್ಯಾಂಕರಿನವನನ್ನು ಕರೆಸಿದರು. ಅವನು ಕೊಳವೆ ಬಿಟ್ಟು ಟ್ಯಾಂಕು ಖಾಲಿ ಮಾಡಿ, ಒಳಗೆ ಒಂದು ಸತ್ತ ಇಲಿ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಸಲಹೆ ಕೊಟ್ಟು ಹೋದ. ಇಲಿ ಹುಡುಕುವ ಕೆಲಸ ನನಗೆ ಬಂತು. ಇಡೀ ಮನೆಯ ಇಲಿಗಳೆಲ್ಲವೂ ಜೀವಂತವಾಗಿದ್ದವು, ನನಗಿಂತ ಚುರುಕಾಗಿದ್ದವು. ಇಲಿ ಬಿಟ್ಟು ನಾನು ಮೊಬೈಲು ಹಿಡಿದೆ, ಓದಿದೆ, ಊಟದ ಮೇಜಿನಲ್ಲಿ ಕಾನ್ವೆಂಟಿನ ಸಿಸ್ಟರುಗಳು ಮೆಚ್ಚುವ ಉಚ್ಚಾರಣೆಯಲ್ಲಿ ಆನೆರೋಬಿಕ್ ಎಂದೆ.

“ಆನೆ ಯಾಕೆ ಬಂತು?” ಎಂದಳು ಅಕ್ಕ.

“ಗಾಳಿ ಇಲ್ಲದ ಜಾಗದಲ್ಲಿ ಬದುಕೋ ಬ್ಯಾಕ್ಟೀರಿಯಾ ಅಕ್ಕ. ಅವು ಕೊಳೇನ ತಿನ್ನತ್ವೆ. ನಾವು ಅವಕ್ಕೆ ತಿನ್ನಕ್ಕೆ ಟೈಮ್ ಕೊಡಬೇಕು.”

“ನಿಂಗೆ ಊಟಕ್ಕೆ ಕೊಟ್ಟ ಹಾಗೆ,” ಎಂದರು ಭಾವ. ನಾನು ಆಗ ಮೂರನೇ ಸಲ ಬಡಿಸಿಕೊಳ್ಳುತ್ತಿದ್ದೆ.

ತೊಂದರೆ ಇದ್ದದ್ದೂ ಅಲ್ಲೇ. ನಮ್ಮದು ಒಂದೇ ಕೋಣೆಯ ಹಳೆಯ ಟ್ಯಾಂಕು. ನೀರು ಬರುವ ಪೈಪು, ಹೋಗುವ ಪೈಪು ಎದುರುಬದುರು. ಬಂದದ್ದು ಬಂದ ಹಾಗೇ ಹೊರಟುಬಿಡುತ್ತಿತ್ತು, ಮುಂಬಾಗಿಲಲ್ಲಿ ಬಂದು ಕೂರದೇ ಹಿಂಬಾಗಿಲಲ್ಲಿ ಹೋಗುವ ನೆಂಟರ ಹಾಗೆ. ಸ್ವಲ್ಪ ಹೊತ್ತು ಕೂತರೆ ಗಷ್ಟು ಕೆಳಗೆ ಇಳಿಯುತ್ತದೆ, ಜಿಡ್ಡು ಕೆನೆಯ ಹಾಗೆ ಮೇಲೆ ಕಟ್ಟುತ್ತದೆ, ನಡುವೆ ಉಳಿದ ತಿಳಿ ಮಾತ್ರ ಮುಂದಕ್ಕೆ ಹೋಗಬೇಕು. ಇಷ್ಟು ತಿಳಿಯಲು ಭಾವನಿಗೂ ನನಗೂ ಒಂದು ವಾರ ಹಿಡಿಯಿತು. ತಿಳಿಯದೆ ತಿಳಿ ಸಿಗುವುದಿಲ್ಲ ಎಂದು ನಾನು ಹೇಳಿದ್ದಕ್ಕೆ ಯಾರೂ ನಗಲಿಲ್ಲ.

ಹಳೆ ಟ್ಯಾಂಕಿನ ಒಳಗೆ ಅಡ್ಡಗೋಡೆ ಕಟ್ಟಲು ಮೇಸ್ತ್ರಿ ಇಳಿಯುತ್ತೇನೆಂದ. ಭಾವ ಅಡ್ಡ ನಿಂತರು. “ಯಾರೂ ಇಳೀಬಾರದು. ಒಳಗೆ ವಿಷದ ಗಾಳಿ ಇರತ್ತೆ.”

“ವಾಸನೆ ಜಾಸ್ತಿ ಬಂದ್ರೆ ಎದ್ದು ಬರ್ತೀನಿ ಬಿಡಿ ಸಾರ್.”

“ಬರದೇ ಹೋದ್ರೆ? ಮೂಗು ನಂಬಿ ಯಾವ ಕೆಲಸಕ್ಕೂ ಕೈ ಹಾಕಬಾರದಪ್ಪ,” ಎಂದರು ಭಾವ. ಎಂಥ ವಿವೇಕ ಎಂದುಕೊಂಡೆ.

ಆದ್ದರಿಂದ ಹಳೆಯದರ ಪಕ್ಕದಲ್ಲೇ ಮಣ್ಣು ತೆಗೆಸಿ ಎರಡನೆಯ ಪ್ಲಾಸ್ಟಿಕ್ ಟ್ಯಾಂಕು ಹೂಳಿಸಿದರು. ಎರಡರ ಬಾಯಿಗಳಿಗೂ ಮೇಲಿನಿಂದಲೇ ಟಿ ಆಕಾರದ ಪೈಪು ಕೂರಿಸಿದರು. ಅದು ಮೇಲಿನ ಕೆನೆಯನ್ನೂ ಕೆಳಗಿನ ಗಷ್ಟನ್ನೂ ಬಿಟ್ಟು ನಡುವಿನ ನೀರನ್ನಷ್ಟೇ ಎಳೆದುಕೊಳ್ಳುತ್ತದೆ. ಕೊನೆಯ ಪೈಪಿನೊಳಗೆ ಕಸ ತಡೆಯಲು ಬಾಟಲಿ ತೊಳೆಯುವ ಉದ್ದನೆಯ ಬ್ರಷ್ಷುಗಳನ್ನು ತುರುಕಿದರು. ನಮ್ಮ ಅಡುಗೆಮನೆಯ ಬ್ರಷ್ಷು ಮಾಯವಾದದ್ದಕ್ಕೆ ಅಕ್ಕ ಕೆಲಸದವಳನ್ನು ಬೈದದ್ದು ಬೇರೆ ಕತೆ. ಕೊನೆಗೆ ನಾನು ಮುಳುಗಿದ ಜಾಗದಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಜಲ್ಲಿ ತುಂಬಿ, ಜೊಂಡು ಮತ್ತು ಕ್ಯಾನಾ ಹೂವಿನ ಗಿಡ ನೆಟ್ಟರು. ಟ್ಯಾಂಕಿನ ನೀರು ಜಲ್ಲಿಯ ಕೆಳಗೆ, ಬೇರುಗಳ ನಡುವೆ ನಿಧಾನವಾಗಿ ಹಾದು ಆಚೆ ತುದಿಯ ಹೊಸ ಗುಂಡಿಗೆ ಬೀಳಬೇಕು. ನನ್ನ ಎಡಗಾಲಿನ ಚಪ್ಪಲಿ ಅದರ ಅಡಿಯಲ್ಲೇ ಇದೆ. ಮುಂದೆ ಯಾರಾದರೂ ಅಗೆದರೆ ಇಲ್ಲಿ ಒಂಟಿ ಕಾಲಿನ ಜನಾಂಗವೊಂದು ಬಾಳಿತ್ತು ಎಂದು ಬರೆದಾರು.

ನೀರು ಶುದ್ಧವಾಯಿತೆಂದು ಗೊತ್ತಾಗುವುದು ಹೇಗೆ? ಬೇರೆಯವರಾದರೆ ಮೂಸಿ ನೋಡುತ್ತಿದ್ದರು. ಭಾವ ಆ ಕೊನೆಯ ಗುಂಡಿಯ ನೀರನ್ನು ಒಂದು ಚಪ್ಪಟೆ ಗಾಜಿನ ಜಾಡಿಯಲ್ಲಿ ಹಿಡಿದು, ಮುಚ್ಚಳ ಬಿಗಿದು, ನನ್ನನ್ನು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದರು. ಒಂದು ಕಣ್ಣಿಗೆ ಕರಿ ಚಮಚ ಮುಚ್ಚಿ, ಇನ್ನೊಂದರ ಮುಂದೆ ಜಾಡಿ ಹಿಡಿದರು.

“ಓದು.”

“ಏನನ್ನ ಭಾವ?”

“ಬೋರ್ಡು.”

“ಬೋರ್ಡು ಎಲ್ಲಿದೆ?”

ಮೊದಲ ವಾರ ಬೋರ್ಡೇ ಇರಲಿಲ್ಲ. ಆಮೇಲೆ ಟೀ ಬಣ್ಣದ ಮಂಜಿನಲ್ಲಿ ಮೇಲಿನ ದೊಡ್ಡ ಅಕ್ಷರ ಕಂಡಿತು. ಆಮೇಲೆ ಎರಡನೇ ಸಾಲು. ಪ್ರತಿ ಸಲವೂ ಭಾವ ಮುಚ್ಚಳ ಸಡಿಲಿಸಿ ನನ್ನ ಮೂಗಿನ ಹತ್ತಿರ ಹಿಡಿದು, “ವಾಸನೆ ಹೇಗಿದೆ, ನೀನೇ ಹೇಳು,” ಎನ್ನುತ್ತಿದ್ದರು. ನಾನು ಮುಖ ಸಿಂಡರಿಸಿದರೆ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ತಾವೇ ಮಾಡಿದ್ದನ್ನು ತಾವೇ ಪರೀಕ್ಷಿಸಬಾರದು, ಇದಲ್ಲವೇ ವಿಜ್ಞಾನ ಎಂದು ನಾನು ಬ್ಯಾಂಕಿನಲ್ಲೆಲ್ಲ ಹೇಳಿಕೊಂಡು ಬಂದೆ. ಬ್ಯಾಂಕಿನಲ್ಲಿ ನನ್ನ ಪಕ್ಕ ಕೂತು ಊಟ ಮಾಡುವವರು ಕಡಿಮೆಯಾದರು.

ಮೂರನೇ ಸಾಲು ತಲುಪಿದ ಮೇಲೆ ನೀರು ಇದ್ದಕ್ಕಿದ್ದಂತೆ ಹಿಂದಕ್ಕೆ ಹೋಯಿತು. ಎರಡನೇ ಸಾಲು. ಮತ್ತೆ ಬರೀ ಮಂಜು. ಭಾವ ನನ್ನ ಕಣ್ಣೇ ಕೆಟ್ಟಿತೆಂದು ನನಗೆ ಹೊಸ ಕನ್ನಡಕ ಬರೆದುಕೊಟ್ಟರು. ಹೊಸ ಕನ್ನಡಕದಲ್ಲಿ ಮಂಜು ಬಹಳ ಸ್ಪಷ್ಟವಾಗಿ ಕಂಡಿತು.

ಕಾರಣ ಸಿಕ್ಕಿದ್ದು ಬಚ್ಚಲಿನಲ್ಲಿ. ವಾಸನೆ ತಡೆಯಲಾರದೆ ಅಕ್ಕ ದಿನಾ ಬೆಳಿಗ್ಗೆ ಫಿನಾಯಿಲು, ಸಂಜೆ ಬ್ಲೀಚಿಂಗ್ ಪುಡಿ ಸುರಿಯುತ್ತಿದ್ದಳು. ಕಮೋಡಿನಲ್ಲಿ ಕಾಣುವ ಕ್ರಿಮಿ ಒಂದೂ ಉಳಿಯಲಿಲ್ಲ. ಟ್ಯಾಂಕಿನಲ್ಲಿ ಕಾಣದೆ ದುಡಿಯುತ್ತಿದ್ದವೂ ಅವುಗಳ ಜೊತೆ ಹೋದವು. ಅವು ಸತ್ತರೆ ಕೊಳೆ ಹಾಗೇ ಉಳಿಯುತ್ತದೆ, ವಾಸನೆ ಹೆಚ್ಚುತ್ತದೆ, ಅಕ್ಕ ಇನ್ನಷ್ಟು ಸುರಿಯುತ್ತಾಳೆ.

“ನಿನ್ನ ಫಿನಾಯಿಲು ನನ್ನ ಬ್ಯಾಕ್ಟೀರಿಯಾನ ಕೊಲ್ತಾ ಇದೆ ಕಣೇ,” ಎಂದರು ಭಾವ.

“ಒಳ್ಳೇದಾಯ್ತು. ಮನೇಲಿ ಅದನ್ನೂ ಸಾಕ್ತೀರಾ?”

“ಸಾಕದಿದ್ರೆ ನೀರು ತಿಳಿಯಾಗಲ್ಲ.”

“ವಾಸನೆ ಕುಡ್ಕೊಂಡು ಕೂರಕ್ಕೆ ನಂಗಾಗಲ್ಲ ರೀ. ನಂಗೊಂದು ಮೂಗಿದೆ. ನಿಮಗೆ ಇದೆಯೋ ಇಲ್ವೋ.”

ಭಾವ ಬೆರಳಿಂದ ತಮ್ಮ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡರು. “ಇದೆಯಲ್ಲ. ಕನ್ನಡಕ ನಿಲ್ಲಕ್ಕೆ.”

ನಾನು ಜೋರಾಗಿ ನಕ್ಕೆ. ಒಳ್ಳೆಯ ಜೋಕಿಗೆ ನಗುವುದು ನನ್ನ ದೌರ್ಬಲ್ಯ. ಅಕ್ಕ ನಗಲಿಲ್ಲ. ಬಿಲ್ಡರು ಫೋನು ಮಾಡಿದ್ದಾನೆ, ತಿಂಗಳ ಕೊನೆಯ ಭಾನುವಾರ ಬರುತ್ತಾನೆ, ಅಲ್ಲಿಯವರೆಗೆ ಫಿನಾಯಿಲು ಮುಟ್ಟುವುದಿಲ್ಲ, ಅವತ್ತು ತನ್ನ ಮೂಗು ಹೇಳಿದ ಹಾಗೆ ಆಗಬೇಕು, ಎಂದು ಹೇಳಿ ಬಾಟಲಿಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದಳು. ನನಗೂ ಒಂದು ಶಿಕ್ಷೆ ಬಂತು. ವಾರದ ಬಟ್ಟೆಯನ್ನೆಲ್ಲ ಭಾನುವಾರ ಒಂದೇ ಸಲ ಒಗೆದು ಟ್ಯಾಂಕಿಗೆ ಪ್ರವಾಹ ಬಿಡುತ್ತಿದ್ದವಳು ದಿನಕ್ಕಿಷ್ಟು ಒಗೆಯಬೇಕಾಯಿತು. ಅದರಿಂದ ಬ್ಯಾಂಕಿಗೆ ಒದ್ದೆ ತೋಳಿನಲ್ಲಿ ಹೋದ ದಿನಗಳೂ ಇವೆ.

ಫಿನಾಯಿಲು ನಿಂತ ಮೊದಲ ದಿನಗಳಲ್ಲಿ ವಾಸನೆ ಇನ್ನೂ ಹೆಚ್ಚಿತು. ಅಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಡುಗೆ ಮಾಡಿದಳು. ಒಂದು ದಿನ ಹಾಲು ಉಕ್ಕಿ, ಸೀದು, ಪಾತ್ರೆ ಕರಕಲಾಗುವವರೆಗೂ ಅವಳಿಗೆ ಗೊತ್ತಾಗಲಿಲ್ಲ. ಒಲೆಯ ಪಕ್ಕದಲ್ಲೇ ಕೂತು ಫ್ರೇಮು ಒರೆಸುತ್ತಿದ್ದ ಭಾವನಿಗೂ ಗೊತ್ತಾಗಲಿಲ್ಲ. ಪಾಪ, ಚಿಂತೆಯಲ್ಲಿ ಮುಳುಗಿದ್ದಾರೆ ಎಂದುಕೊಂಡೆ. ಅಂಗಡಿ ಮುಚ್ಚುವವರ ಹಾಗೆ ಅವರು ಹಳೆ ಗಾಜುಗಳನ್ನೆಲ್ಲ ತೆಗೆದು ಒರೆಸಿ ಒರೆಸಿ ಇಡುತ್ತಿದ್ದರು.

ಆಮೇಲೆ ಸಾಲುಗಳು ಮರಳಿ ಬಂದವು. ಮೂರನೆಯದು, ನಾಲ್ಕನೆಯದು. ಐದನೇ ಸಾಲಿನ ದಿನ ಒಬ್ಬ ಅಜ್ಜಿ ಕನ್ನಡಕ ಸರಿಮಾಡಿಸಲು ಬಂದು, ಬಿಸಿಲಿಗೆ ಬಾಯಾರಿ, ಮೇಜಿನ ಮೇಲಿದ್ದ ಜಾಡಿಯನ್ನು ಎತ್ತಿ ಮುಚ್ಚಳ ತಿರುಗಿಸಿಯೇಬಿಟ್ಟರು. ಮೂಗಿನ ಹತ್ತಿರ ತಂದು, “ಬಾವಿ ನೀರಾ ಅಪ್ಪ?” ಎಂದರು. ಭಾವ ಕುರ್ಚಿಯಿಂದ ಹಾರಿ ಕಿತ್ತುಕೊಂಡರು. ಒಂದು ಲೋಟ ನೀರು ಕೊಡದ ಮನೆ ಎಂದು ಅಜ್ಜಿ ಬೀದಿಯುದ್ದಕ್ಕೂ ಹೇಳಿಕೊಂಡು ಹೋದರು. ಭಾವ ಮಾತ್ರ ಬಾಗಿಲಲ್ಲಿ ನಿಂತು, “ಮೂಸಿ ನೋಡಿ ಬಾವಿ ನೀರು ಅಂದ್ರಲ್ಲ, ಕೇಳಿಸ್ಕೊಂಡೆಯಾ ಕಾನ್ವೆಂಟು?” ಎಂದು ನನ್ನನ್ನು ನಾಲ್ಕು ಸಲ ಕೇಳಿದರು.

ಭಾನುವಾರ ಬಿಲ್ಡರು ಬಂದ. ಬಿಳಿ ಅಂಗಿ, ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ. ಅಕ್ಕ ಅವನನ್ನು ಒಳಗೆ ಕೂರಿಸಲಿಲ್ಲ. ನೇರ ಹಿತ್ತಲಿಗೆ ಕರೆದುಕೊಂಡು ಹೋಗಿ ಕ್ಯಾನಾ ಹೂಗಳ ಪಕ್ಕ ಕುರ್ಚಿ ಹಾಕಿ ನಿಂಬೆ ಶರಬತ್ತು ಕೊಟ್ಟಳು. ತಾನೂ ಎದುರಿಗೆ ಕೂತಳು. ಭಾವ ಅಡುಗೆಮನೆ ಬಾಗಿಲಲ್ಲಿ, ಚಿಮಟವನ್ನು ತೆರೆಯುತ್ತ ಮುಚ್ಚುತ್ತ. ನಾನು ಅವರ ಹಿಂದೆ. ಹಿತ್ತಲಿಗೆ ಕಾಲಿಡುವ ಧೈರ್ಯ ನನಗೆ ಇನ್ನೂ ಬಂದಿರಲಿಲ್ಲ.

“ಚೆನ್ನಾಗಿ ಇಟ್ಟಿದ್ದೀರಿ ಮೇಡಂ ಹಿತ್ತಲು,” ಎಂದ ಬಿಲ್ಡರು. “ನಿಮ್ಮ ಟ್ಯಾಂಕು ಏನೋ ಬಹಳ ತೊಂದರೆ ಅಂದಿದ್ರಲ್ಲ, ಅದೆಲ್ಲಿದೆ?”

“ನೀವು ಕೂತಿರೋದೇ ಅದರ ಮೇಲೆ,” ಎಂದಳು ಅಕ್ಕ.

ಬಿಲ್ಡರು ಎರಡೂ ಕಾಲು ಎತ್ತಿಕೊಂಡ. ಆಮೇಲೆ ಒಂದೊಂದಾಗಿ ಇಳಿಸಿದ. ಮೂಗನ್ನು ಗಾಳಿಯಲ್ಲಿ ಅತ್ತ ಇತ್ತ ಆಡಿಸಿದ. ಅಕ್ಕನೂ ಆಡಿಸಿದಳು. ಕಣ್ಣು ಮುಚ್ಚಿ, ಎದೆ ತುಂಬಾ ಒಂದು ಸಲ, ಇನ್ನೊಂದು ಸಲ ಎಳೆದುಕೊಂಡಳು. ಭಾವನ ಚಿಮಟ ನಿಂತಿತು.

“ಶರಬತ್ತಿಗೆ ನಿಂಬೆ ಸ್ವಲ್ಪ ಜಾಸ್ತಿಯಾಗಿದೆ,” ಎಂದಳು ಅಕ್ಕ ಕಣ್ಣು ತೆರೆದು. “ಬೇರೇನೂ ಇಲ್ಲ. ನಾವು ಮನೆ ಕೊಡಲ್ಲಪ್ಪ. ನಿಮಗೆ ಸುಮ್ನೆ ತೊಂದರೆ ಆಯ್ತು.”

ಬಿಲ್ಡರು ನಕ್ಷೆ ಮರೆತು, ಆಮೇಲೆ ಮರಳಿ ಬಂದು ಅದನ್ನು ಎತ್ತಿಕೊಂಡು ಹೋದ. ನಾವು ಮೂವರೂ ಹಿತ್ತಲಿನಲ್ಲಿ ಕೂತೆವು. ಭಾವ ಜೊಂಡಿನ ಒಂದು ಒಣಗಿದ ಎಲೆ ಕಿತ್ತು, ಅದನ್ನು ಉದ್ದುದ್ದಕ್ಕೆ ಸೀಳುತ್ತ ಕೂತರು. ಮುಖದಲ್ಲಿ ಏನೂ ಇಲ್ಲ, ಕಿವಿ ಮಾತ್ರ ಕೆಂಪಾಗಿದ್ದವು. ಅಕ್ಕ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಇಂಥ ಸಂದರ್ಭದಲ್ಲಿ ಯಾರಾದರೂ ಒಂದು ಒಳ್ಳೆಯ ಮಾತು ಆಡಬೇಕು, ಅದನ್ನು ನಾನೇ ಆಡಿಸಬೇಕು ಎಂದು ನನಗೆ ತೋರಿತು. ಇಷ್ಟು ತಿಂಗಳು ಅವರು ನನ್ನನ್ನು ಕೇಳಿದ ಪ್ರಶ್ನೆಯನ್ನೇ ಅವರಿಗೆ ತಿರುಗಿಸಿದೆ.

“ನೀವೇ ಹೇಳಿ ಭಾವ. ಹಿತ್ತಲಿನ ಗಾಳಿ ಆಗ ಹೇಗಿತ್ತು, ಈಗ ಹೇಗಿದೆ? ನಿಮ್ಮ ಮೂಗಿಗೆ ಏನನ್ಸತ್ತೆ?”

ಭಾವ ಅಕ್ಕನ ಕಡೆ ನೋಡಿದರು. ಆಮೇಲೆ ನನ್ನ ಕಡೆ.

“ನಂಗೇನ್ ಗೊತ್ತಮ್ಮ? ಹುಟ್ಟಿದಾಗಿಂದ ನಂಗೆ ಯಾವ ವಾಸನೇನೂ ಗೊತ್ತಾಗಲ್ಲ. ನಿಮ್ಮಕ್ಕ ನಾರತ್ತೆ ಅಂದ್ಲು, ಇರಬಹುದು ಅಂದ್ಕೊಂಡೆ.”